ಹದಿಮೂರು ಆದ ಮೇಲೆ

ಮೊನ್ನೆ ಟೀವಿ ರಿಮೋಟಿಗೆ ಸೆಲ್ ಹುಡುಕುತ್ತಿದ್ದೆ. ಸಿಂಗಪುರದ ಯಿಶುನ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದು ಡ್ರಾಯರ್ ಇದೆ. ಅದರಲ್ಲಿ ಹುಡುಕುತ್ತಿರುವುದೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರಬೇಕು. ಯಾವುದೋ ದೇಶದ ಚಿಲ್ಲರೆ, ಬೀಗ ಕಳೆದುಹೋದ ಬೀಗದಕೈ, ಒಣಗಿದ ಫೆವಿಕಾಲಿನಂಥ ಗೋಂದು, ಕಾಲು ಮುರಿದ ಕನ್ನಡಕ. ಅವುಗಳ ಅಡಿಯಿಂದ ಒಂದು ಹಳದಿ ಪ್ಲಾಸ್ಟಿಕ್ ಬ್ಯಾಡ್ಜು ಕೈಗೆ ಬಂತು. ಪಿನ್ನಿಗೆ ತುಕ್ಕು ಹಿಡಿದಿತ್ತು. ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ೧೪ ಎಂದು ಬರೆದಿತ್ತು. ರಿಮೋಟಿನ ವಿಷಯ ಅಲ್ಲಿಗೇ ಮರೆತುಹೋಯಿತು.

ಅದು ಸೀತಾರಾಮ್ ಅಂಕಲ್ ಅವರ ಕೈಬರಹ. ಅವರು ಇದೇ ಊರಿನ ಬಿಶಾನಿನಲ್ಲಿದ್ದರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ನನಗಿಂತ ಐದಾರು ವರ್ಷ ದೊಡ್ಡವರು ಅಷ್ಟೆ, ಆದರೂ ಅಂಕಲ್. ಸಿಂಗಪುರದಲ್ಲಿ ನಮ್ಮವರು ತಲೆ ನರೆತ ದಿನದಿಂದ ಎಲ್ಲರಿಗೂ ಅಂಕಲ್ ಆಗಿಬಿಡುತ್ತಾರೆ. ನಮ್ಮ ಕಡೆಯ ಹತ್ತು ಹನ್ನೆರಡು ಮನೆಗಳನ್ನು ಸೇರಿಸಿ ವರ್ಷಕ್ಕೊಮ್ಮೆ ಟೂರ್ ಹೊರಡಿಸುವುದು ಅವರ ಹುಚ್ಚು. ಮೊದಲ ಟೂರಿನಲ್ಲೇ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟರು. ಆಮೇಲೆ ಎಷ್ಟು ವರ್ಷವಾದರೂ ಅದು ಬದಲಾಗುತ್ತಿರಲಿಲ್ಲ. ನಾನು ಹದಿಮೂರು, ನನ್ನ ಹೆಂಡತಿ ಮಂಜುಳ ಹದಿನಾಲ್ಕು. ಬಸ್ಸು ಹೊರಡುವ ಮೊದಲು ಅಂಕಲ್ ಮುಂದೆ ನಿಂತು ಪೆನ್ನು ಎತ್ತಿದರೆ ನಾವು ಸಾಲಾಗಿ ನಂಬರು ಕೂಗಬೇಕು. ಕನ್ನಡದಲ್ಲೇ ಕೂಗಬೇಕು. ಬ್ಯಾಡ್ಜಿನ ಮೇಲೂ ಕನ್ನಡದ ಅಂಕಿಯೇ. ಪರದೇಶದಲ್ಲಿ ಕಳೆದುಹೋದವರನ್ನು ಕನ್ನಡದ ಅಂಕಿ ನೋಡಿ ಯಾರು ಗುರುತು ಹಿಡಿಯುತ್ತಾರೆ ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ನಮ್ಮಜ್ಜಿ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ. ಜನರನ್ನು ಎಣಿಸಿದರೆ ಅವಳಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಹಬ್ಬದ ದಿನ ಊಟಕ್ಕೆ ಎಷ್ಟು ಜನ ಎಂದು ನಾನು ಬೆರಳು ತೋರಿಸಿಕೊಂಡು ಎಣಿಸಲು ಶುರುಮಾಡಿದರೆ ಬೆರಳಿನ ಮೇಲೆ ಏಟು ಬೀಳುತ್ತಿತ್ತು. 'ತಲೆ ಎಣಿಸಬಾರದು, ಎಲೆ ಎಣಿಸು' ಎನ್ನುತ್ತಿದ್ದಳು. ಹಾಕಿದ ಬಾಳೆಲೆ ಎಣಿಸಿದರೆ ದೋಷವಿಲ್ಲ, ಕೂತವರ ತಲೆ ಎಣಿಸಿದರೆ ಒಂದು ಕಡಿಮೆಯಾಗುತ್ತದಂತೆ. ನಾನು ಎಂಜಿನಿಯರಿಂಗ್ ಓದಿದವನು. ಅಜ್ಜಿಯ ಈ ಮಾತನ್ನು ಟೂರ್ ಬಸ್ಸಿನಲ್ಲಿ ಎಷ್ಟೋ ಸಲ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಹಾಗೆ ನಗಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಮೊದಮೊದಲು ಮನೆಗೊಬ್ಬರು ಕೂಗಿದರೆ ಸಾಕಿತ್ತು. ಗಂಡಸರು ತಮ್ಮ ನಂಬರಿನ ಜೊತೆಗೆ ಹೆಂಡತಿ ಮಕ್ಕಳದ್ದನ್ನೂ ಸೇರಿಸಿ ಒಂದೇ ಉಸಿರಿಗೆ ಒದರಿಬಿಡುತ್ತಿದ್ದರು. ಮಲೇಷ್ಯಾದ ಮಲಾಕಾಗೆ ಹೋದ ವರ್ಷ ದಾರಿಯಲ್ಲಿ ಟೀ ಕುಡಿಯಲು ಬಸ್ಸು ನಿಂತಿತ್ತು. ನಾನು ನಿದ್ದೆಗಣ್ಣಿನಲ್ಲಿ 'ಹದಿಮೂರು, ಹದಿನಾಲ್ಕು' ಎಂದೆ. ಬಸ್ಸು ಹೊರಟಿತು. ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು.

"ನಾನು ಹದಿನಾಲ್ಕು ಮಾತಾಡ್ತಾ ಇರೋದು" ಎಂದಳು ಮಂಜುಳ. "ನಿಮ್ಮ ಪಕ್ಕದಲ್ಲಿ ಕೂತಿರೋಳು ಯಾರು, ಸ್ವಲ್ಪ ನೋಡಿ ಹೇಳ್ತೀರಾ?"

ಅವಳು ಹಲಸಿನ ಚಿಪ್ಸ್ ಕೊಳ್ಳುವ ಸಾಲಿನಲ್ಲಿ ನಿಂತಿದ್ದಳಂತೆ. ಬಸ್ಸು ತಿರುಗಿ ಹೋಗುವಷ್ಟರಲ್ಲಿ ಅರ್ಧ ಪೊಟ್ಟಣ ಮುಗಿಸಿದ್ದಳು. ಅಂದಿನಿಂದ ಹೊಸ ರೂಲ್ ಬಂತು: ಅವರವರ ನಂಬರು ಅವರವರ ಬಾಯಲ್ಲೇ ಬರಬೇಕು. ಪಾಸಿರ್ ರಿಸ್ ಬೀಚಿನಲ್ಲಿ ಭಾನುವಾರ ಎಲ್ಲರೂ ಸೇರಿದಾಗಲೆಲ್ಲ ಯಾರಾದರೂ ನನ್ನ ಪಕ್ಕಕ್ಕೆ ಕೈ ತೋರಿಸಿ 'ಅದು ಯಾರು ನೋಡಿ ಹೇಳಿ' ಎಂದು ಛೇಡಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಮಂಜುಳಳೇ ನಗುತ್ತಿದ್ದಳು.

ವಿಯೆಟ್ನಾಮ್ ಟೂರಿಗೆ ಅವಳು ಜನವರಿಯಲ್ಲಿ ಹೆಸರು ಕೊಟ್ಟಳು. ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದಳು. ಮಾರ್ಚ್ ಮುಗಿಯುವ ಮೊದಲೇ ಹೋಗಿಬಿಟ್ಟಳು. ಇಷ್ಟು ಬರೆಯುವುದಕ್ಕೆ ಮೂರು ಸಾಲು ಸಾಕಾಯಿತು ನೋಡಿ. ನಮಗೆ ಮಕ್ಕಳಿರಲಿಲ್ಲ. ನೋಡಿಕೊಳ್ಳಲು ಮೈಸೂರಿನಿಂದ ಅವಳ ತಾಯಿ ಬಂದಿದ್ದರು. ಒಂದು ದಿನ ಮಂಜುಳ ಹಾಸಿಗೆಯಿಂದಲೇ ಅಂಕಲ್‌ಗೆ ಫೋನ್ ಮಾಡಿ, ಹದಿನಾಲ್ಕು ನಮ್ಮಮ್ಮ ಬರುತ್ತಾರೆ, ಚೇಂಜ್ ಮಾಡಿಕೊಳ್ಳಿ ಎಂದು ಹೇಳಿದಳು. ನಾನು ಏನೋ ಅನ್ನಲು ಹೋದೆ.

"ಕ್ಯಾನ್ಸಲ್ ಮಾಡಿದ್ರೆ ನೋಡಿ ಮತ್ತೆ" ಎಂದಳು. "ಅಮ್ಮ ಮೈಸೂರು ಬಿಟ್ರೆ ಈ ಆಸ್ಪತ್ರೆ ಕಾರಿಡಾರ್ ಅಷ್ಟೇ ನೋಡಿರೋದು."

ಅವಳು ಹೋದ ಮೇಲೆ ಫ್ಲ್ಯಾಟಿನಲ್ಲಿ ಉಳಿದವರು ನಾನು ಮತ್ತು ಅತ್ತೆ. ಇಲ್ಲಿ ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅಳಿಯನ ಎದುರು ಕೂರಬಾರದು, ಅಳಿಯನ ಹೆಸರು ಹಿಡಿಯಬಾರದು, ಅಳಿಯನನ್ನು ನೇರವಾಗಿ ಮಾತಾಡಿಸಬಾರದು ಎನ್ನುವ ಮನೆಯಲ್ಲಿ ಬೆಳೆದವರು ಅವರು. ಹದಿನೆಂಟು ವರ್ಷ ನಮ್ಮಿಬ್ಬರ ನಡುವೆ ಮಂಜುಳಳೇ ಅಂಚೆಯಾಗಿದ್ದಳು. 'ಅವರಿಗೆ ಇನ್ನೊಂಚೂರು ಅನ್ನ ಬೇಕಾ ಕೇಳೇ' ಎಂದು ಅಡುಗೆಮನೆ ಬಾಗಿಲಿನಿಂದ ಅವರು. ಎರಡಡಿ ದೂರದಲ್ಲಿ ಕೂತ ನಾನು, 'ಸಾಕು ಅಂತ ಹೇಳು'. ಮಂಜುಳ ಇಬ್ಬರ ಮುಖವನ್ನೂ ನೋಡಿ ತನಗೆ ಈ ಕೆಲಸಕ್ಕೆ ಸಂಬಳ ಬೇಕು ಎನ್ನುತ್ತಿದ್ದಳು.

ಅಂಚೆ ನಿಂತ ಮೇಲೆ ಅತ್ತೆ ರೈಸ್ ಕುಕ್ಕರಿನ ಕಡೆ ತಿರುಗಿ 'ಊಟಕ್ಕೆ ಏಳಬಹುದು' ಎನ್ನತೊಡಗಿದರು. ನಾನು ಫ್ಯಾನಿಗೆ ಹೇಳುವಂತೆ 'ಇವತ್ತು ಆಫೀಸಿಂದ ಲೇಟಾಗಬಹುದು' ಎನ್ನುತ್ತಿದ್ದೆ. ಮೂರು ತಿಂಗಳಲ್ಲಿ ನಮ್ಮ ಮನೆಯ ಮಾತಿನಿಂದ ನಾನು ಎನ್ನುವುದೂ ನೀವು ಎನ್ನುವುದೂ ಮಾಯವಾದವು. ಮಂಜುಳ ಎಂಬ ಹೆಸರನ್ನಂತೂ ಇಬ್ಬರೂ ಒಂದು ಸಲವೂ ಎತ್ತಲಿಲ್ಲ. ಅತ್ತೆ ಮಿಕ್ಸಿ ಹಾಕಿಕೊಂಡು ಅಳುತ್ತಿದ್ದರು. ಮಿಕ್ಸಿ ನಿಂತ ಮೇಲೆ ನೋಡಿದರೆ ಜಾರಿನಲ್ಲಿ ಏನೂ ಇರುತ್ತಿರಲಿಲ್ಲ. ನಾನು ಶವರ್ ಬಿಟ್ಟುಕೊಂಡು ಅಳುತ್ತಿದ್ದೆ. ಬೆಳಿಗ್ಗೆ ಎದ್ದರೆ ಯಾಕೆ ಎದ್ದೆ ಎಂದು ತಿಳಿಯುತ್ತಿರಲಿಲ್ಲ.

ವರ್ಷ ತುಂಬುವ ಮೊದಲೇ ಟೂರಾ ಎಂದು ಒಂದಿಬ್ಬರು ಆಡಿಕೊಂಡರು. ತಪ್ಪಲ್ಲ, ನಾನಾಗಿದ್ದರೂ ಆಡಿಕೊಳ್ಳುತ್ತಿದ್ದೆ. ಆದರೂ ಜೂನ್ ರಜೆಯಲ್ಲಿ ನಾವಿಬ್ಬರೂ ಹೊರಟೆವು. ಹೋಗದಿದ್ದರೆ ಅವಳ ಕೊನೆಯ ಮಾತನ್ನು ಮೀರಿದಂತೆ ಎಂದು ನನಗೆ ಹೆದರಿಕೆ. ಅತ್ತೆಗೂ ಅದೇ ಇದ್ದಿರಬೇಕು, ಕೇಳಿದವರು ಯಾರು? ವಾಪಸು ಬಂದ ವಾರಕ್ಕೆ ಅವರು ಮೈಸೂರಿಗೆ ಹೋಗುವುದೆಂದು ಟಿಕೆಟ್ ಆಗಿತ್ತು.

ಚಾಂಗಿ ಏರ್‌ಪೋರ್ಟಿನಿಂದ ಸೈಗಾನಿಗೆ ಎರಡು ಗಂಟೆಯ ಹಾದಿ. ಹೊಸ ಹೆಸರು ಹೋ ಚಿ ಮಿನ್ ಸಿಟಿ, ಆದರೆ ನಮ್ಮ ಗುಂಪಿನಲ್ಲಿ ಎಲ್ಲರೂ ಸೈಗಾನ್ ಎಂದೇ ಅನ್ನುತ್ತಿದ್ದರು. ಇಳಿಯುತ್ತಿದ್ದಂತೆ ಅಂಕಲ್, ಇಲ್ಲಿ ಟೈಮು ನಮಗಿಂತ ಒಂದು ಗಂಟೆ ಹಿಂದೆ, ಎಲ್ಲರೂ ವಾಚು ತಿರುಗಿಸಿಕೊಳ್ಳಿ, ಒಂದು ಗಂಟೆ ಲಾಭ ಎಂದು ಸಾರಿದರು. ನಾನು ವಾಚಿನ ತಿರುಪು ಹಿಡಿದು ನಿಂತೆ. ಹಿಂದಕ್ಕೆ ಹೋಗುವುದೇ ಆದರೆ ಇನ್ನೂ ಸ್ವಲ್ಪ ಹೋಗಲಿ ಎಂದು ಮುಳ್ಳನ್ನು ತಿರುಗಿಸುತ್ತಲೇ ಇದ್ದೆ. ವೀಸಾ ಕೌಂಟರಿನ ಸಾಲು ಕರಗುವಷ್ಟರಲ್ಲಿ ನನ್ನ ವಾಚಿನಲ್ಲಿ ಬೆಳಗಿನ ಜಾವವಾಗಿತ್ತು.

ಹೊರಗೆ ಬಸ್ಸಿನ ಹತ್ತಿರ ಗೈಡ್ ನಿಂತಿದ್ದಳು. ಲಾನ್ ಎಂದು ಹೆಸರು, ಇಪ್ಪತ್ತೈದರ ಒಳಗಿನ ಹುಡುಗಿ. ಕೈಯಲ್ಲಿ ಮಡಿಚಿದ ಕೆಂಪು ಛತ್ರಿ. ಬಸ್ಸು ಹತ್ತಿದೆವು. ಅಳಿಯನ ಪಕ್ಕ ಕೂರುವುದು ಅತ್ತೆಗೆ ಆಗದ ಮಾತು. ಅವರು ನನ್ನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಸರಿದು ಕೂತರು, ನನ್ನ ಪಕ್ಕದ ಸೀಟು ಖಾಲಿ ಉಳಿಯಿತು. ಎಣಿಕೆ ಶುರುವಾಯಿತು. ನಾನು ಹದಿಮೂರು ಎಂದೆ. ಹಿಂದಿನಿಂದ ಸದ್ದಿಲ್ಲ. ಇಷ್ಟು ಜನ ಗಂಡಸರ ನಡುವೆ ಗಂಟಲೆತ್ತಿ ಕೂಗುವುದು ಅವರಿಂದಾಗುತ್ತಿರಲಿಲ್ಲ. ಅದೂ ಆ ನಂಬರು. ಕೊನೆಗೆ ನಾನೇ ಹದಿನಾಲ್ಕು ಎಂದೆ. ಅಂಕಲ್ ತಮ್ಮ ರೂಲನ್ನು ನುಂಗಿಕೊಂಡು ಗುರುತು ಹಾಕಿದರು. ಆ ಕನಿಕರ ಅವರು ತೋರಿಸಬಾರದಿತ್ತು.

ಹೋಟೆಲಿಗೆ ಹೋಗುವ ಮೊದಲು ಊರ ನಡುವಿನ ದೊಡ್ಡ ಮಾರ್ಕೆಟ್ಟಿನ ಎದುರು ಬಸ್ಸು ನಿಂತಿತು. ಸಿಮ್ ಕಾರ್ಡ್ ಬೇಕಾದವರಿಗೆ ಅರ್ಧ ಗಂಟೆ ಎಂದಳು ಲಾನ್. ನಾನು ಇಳಿಯಲಿಲ್ಲ. ಕಿಟಕಿಯಲ್ಲಿ ಕಂಡದ್ದು ಬರೀ ಸ್ಕೂಟರು. ದೀಪಾವಳಿಯ ಮುಂಚಿನ ಸಂಜೆ ನಮ್ಮ ಚಿಕ್ಕಪೇಟೆಯಲ್ಲಿ ನುಗ್ಗುವ ಜನರನ್ನೆಲ್ಲ ಒಬ್ಬೊಬ್ಬರನ್ನೂ ಒಂದೊಂದು ಸ್ಕೂಟರಿನ ಮೇಲೆ ಕೂರಿಸಿದರೆ ಹೇಗಿರುತ್ತದೋ ಹಾಗಿತ್ತು. ಹಾರನ್ನು, ಹೊಗೆ, ಸುಟ್ಟ ಮೀನಿನ ವಾಸನೆ. ಸಿಂಗಪುರದಲ್ಲಿ ಹಸಿರು ದೀಪ ಬರುವವರೆಗೆ ಖಾಲಿ ರಸ್ತೆಯ ಅಂಚಿನಲ್ಲೂ ನಿಂತು ಕಾಯುವ ನಮ್ಮವರು, ಇಲ್ಲಿ ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು, ಹೆಜ್ಜೆ ಮುಂದಿಟ್ಟು ಹಿಂದಕ್ಕೆ ತೆಗೆದು, ಪರಿಪಾಟಲು ಪಡುತ್ತಿದ್ದರು.

ಎಲ್ಲರೂ ವಾಪಸು ಹತ್ತಿ ಅಂಕಲ್ ಪೆನ್ನು ಎತ್ತಿದ ಹೊತ್ತಿಗೆ ಕಿಟಕಿಯ ಕೆಳಗೆ ಒಂದು ಸ್ಕೂಟರು ಬಂತು. ಗಂಡ ಓಡಿಸುತ್ತಿದ್ದ. ಹಿಂದೆ ಕೂತ ಹೆಂಡತಿ ಆಳೆತ್ತರದ ನಿಲುವುಗನ್ನಡಿಯನ್ನು ತಬ್ಬಿ ಹಿಡಿದಿದ್ದಳು. ಕನ್ನಡಿಯಲ್ಲಿ ನಮ್ಮ ಬಸ್ಸು, ನಮ್ಮ ಕಿಟಕಿ, ನನ್ನ ಮುಖ ಎಲ್ಲವೂ ಒಂದು ಗಳಿಗೆ ಹಾದುಹೋದವು. "ಅಲ್ಲಿ ನೋಡೇ ಮಂಜು" ಎಂದು ಪಕ್ಕಕ್ಕೆ ಮೊಣಕೈ ಆಡಿಸಿದೆ.

ನೀವು ನಂಬುತ್ತೀರೋ ಇಲ್ಲವೋ, ಆ ಗಳಿಗೆ ಅವಳು ಪಕ್ಕದಲ್ಲಿದ್ದಳು. ಇದ್ದಳು ಎನ್ನುವುದರಲ್ಲಿ ನನಗೆ ಏನೂ ಅನುಮಾನವಿರಲಿಲ್ಲ. ಅಷ್ಟರಲ್ಲಿ ಮುಂದಿನವರು ಹನ್ನೆರಡು ಎಂದರು. ಕಿಟಕಿಯಿಂದ ಮುಖ ತಿರುಗಿಸದೆ ಒಂದೇ ಉಸಿರಿಗೆ ಹದಿಮೂರು, ಹದಿನಾಲ್ಕು ಎಂದುಬಿಟ್ಟೆ. ಹದಿನೈದು ಎಂದರು ಇನ್ನೊಬ್ಬರು. ಎಣಿಕೆ ಇಪ್ಪತ್ತೆರಡಕ್ಕೆ ಮುಗಿಯಿತು, ಬಸ್ಸು ಹೊರಟಿತು.

ಹೋಟೆಲು ಬರಲು ಅರ್ಧ ಗಂಟೆಯಾಯಿತು. ಎಲ್ಲರೂ ಇಳಿದರು. ನಾನು ಎದ್ದು ನಿಂತು, ಎದುರಿನ ಸೀಟಿಗೆ ಹೇಳುವಂತೆ, 'ಇಳೀಬಹುದು' ಎಂದೆ. ಉತ್ತರ ಬರಲಿಲ್ಲ. ಉತ್ತರ ಬರದಿರುವುದೇ ನಮ್ಮ ಮನೆಯ ವಾಡಿಕೆಯಾದ್ದರಿಂದ ನಾನು ಇಳಿದು, ಸೂಟ್‌ಕೇಸ್ ಎತ್ತಿಕೊಂಡು, ಲಾಬಿಯಲ್ಲಿ ಅವರು ಕೊಟ್ಟ ತಣ್ಣನೆಯ ನಿಂಬೆಹುಲ್ಲಿನ ಶರಬತ್ತನ್ನೂ ಕುಡಿದೆ. ರೂಮಿನ ಕೀ ಹಂಚುವಾಗ ಹದಿನಾಲ್ಕರ ಕೀ ಮಾತ್ರ ಮೇಜಿನ ಮೇಲೆ ಉಳಿಯಿತು. ಓಡಿಹೋಗಿ ಬಸ್ಸು ಹತ್ತಿ ನೋಡಿದರೆ ಹಿಂದಿನ ಸೀಟಿನಲ್ಲಿ ಅತ್ತೆಯ ಶಾಲು, ನೀರಿನ ಫ್ಲಾಸ್ಕು, ಕೋಡುಬಳೆಯ ಡಬ್ಬಿ. ಅವರಿಲ್ಲ.

ಆಗ ತಿಳಿಯಿತು. ಅವರಿಗೆ ಬಾತ್‌ರೂಮಿಗೆ ಹೋಗಬೇಕಾಗಿತ್ತು. ಮಗಳಿದ್ದಿದ್ದರೆ ಕಿವಿಯಲ್ಲಿ ಹೇಳುತ್ತಿದ್ದರು. ಅಳಿಯನಿಗೆ ಹೇಗೆ ಹೇಳುವುದು ಎಂದು ಸುಮ್ಮನೆ ಇಳಿದುಹೋಗಿದ್ದಾರೆ. ಅಳಿಯ ಅನ್ನಿಸಿಕೊಂಡ ನಾನು ಹಿಂದೆ ತಿರುಗಿಯೂ ನೋಡದೆ ಅವರು ಇದ್ದಾರೆಂದು ಕೂಗಿ ಹೇಳಿದ್ದೇನೆ. ಅವರ ಬಳಿ ಫೋನಿಲ್ಲ. ಇಂಗ್ಲಿಷು ಬರುವುದಿಲ್ಲ. ಇರುವುದು ಸೆರಗಿಗೆ ಚುಚ್ಚಿಕೊಂಡ ಬ್ಯಾಡ್ಜೊಂದೇ. ಅದನ್ನು ಓದಲು ಬರುವವರು ಆ ಊರಿಗೆಲ್ಲ ಇಪ್ಪತ್ತೆರಡು ಜನ, ಅವರಲ್ಲಿ ಇಪ್ಪತ್ತೊಂದು ಜನ ಲಾಬಿಯಲ್ಲಿ ನಿಂತು ಶರಬತ್ತು ಕುಡಿಯುತ್ತಿದ್ದರು.

ಸಂಜೆಯ ಟ್ರಾಫಿಕ್ಕಿನಲ್ಲಿ ಬಸ್ಸು ತಿರುಗುವುದು ಸಾಧ್ಯವಿಲ್ಲ ಎಂದಳು ಲಾನ್. ಹೋಟೆಲಿನ ಕೆಲಸದವನೊಬ್ಬನ ಸ್ಕೂಟರು ಕೇಳಿ ಪಡೆದು, ನನ್ನ ತಲೆಗೊಂದು ಹೆಲ್ಮೆಟ್ ಕವುಚಿ, ಹಿಂದೆ ಕೂರಲು ಹೇಳಿದಳು. ಐವತ್ತು ದಾಟಿದ ಹೊಟ್ಟೆಯ ಗಂಡಸು ಮಗಳ ವಯಸ್ಸಿನ ಹುಡುಗಿಯ ಹಿಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದನ್ನು ನೀವು ನೋಡಬೇಕಿತ್ತು. ಬೇರೆ ದಿನವಾಗಿದ್ದರೆ ನಾನೇ ಹೇಳಿಕೊಂಡು ನಗುತ್ತಿದ್ದೆ. ನಾಲ್ಕೂ ಕಡೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಜನ. ಕಿವಿಯಲ್ಲಿ ಒಂದೇ ಮಾತು: ನಿಮ್ಮ ಪಕ್ಕದಲ್ಲಿ ಕೂತಿರೋಳು ಯಾರು, ಸ್ವಲ್ಪ ನೋಡಿ ಹೇಳ್ತೀರಾ? ಮಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ, ತಾಯಿಯನ್ನು ಸಂತೆಯಲ್ಲಿ ಬಿಟ್ಟುಬಂದೆ. ಸಿಗದಿದ್ದರೆ ಏನು ಮಾಡುವುದೆಂದು ಯೋಚಿಸಿದೆ. ಯೋಚನೆ ಮುಂದೆ ಹೋಗಲಿಲ್ಲ. ಇಲ್ಲೇ ಯಾವುದಾದರೂ ಲಾರಿ ಬಂದು ಹೊಡೆದರೆ ಒಳ್ಳೆಯದು ಎನ್ನಿಸಿತು. ಪಾಪ, ಲಾನ್ ಇದ್ದಳಲ್ಲ, ಅದೂ ಬೇಡವೆಂದುಕೊಂಡೆ.

ಅತ್ತೆ ಬಸ್ಸು ನಿಂತಿದ್ದ ಜಾಗದಲ್ಲೇ ಇದ್ದರು. ಒಂದೂಮುಕ್ಕಾಲು ಗಂಟೆಯಾಗಿತ್ತು, ಒಂದು ಹೆಜ್ಜೆ ಆಚೀಚೆ ಹೋಗಿರಲಿಲ್ಲ. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಕೂರಲಿಯೆಂದು ಗೇಣುದ್ದದ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಿದ್ದಳು, ಇವರು ಕೂತಿರಲಿಲ್ಲ. ಸೆರಗಿನ ಬ್ಯಾಡ್ಜನ್ನು ಬಿಚ್ಚಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಬಂದ ಬಂದ ಬಸ್ಸಿನ ಕಡೆಗೆಲ್ಲ ಅದನ್ನು ತಿರುಗಿಸಿ ತೋರಿಸುತ್ತಿದ್ದರು.

ನಾನು ಸ್ಕೂಟರಿನಿಂದ ಇಳಿದು ಅವರೆದುರು ನಿಂತೆ. ಮಾತು ಹೇಗೆ ಶುರುಮಾಡುವುದೆಂದು ಗೊತ್ತಾಗಲಿಲ್ಲ. ಸುತ್ತ ಕುಕ್ಕರೂ ಇರಲಿಲ್ಲ, ಫ್ಯಾನೂ ಇರಲಿಲ್ಲ.

"ನಂದೇ ತಪ್ಪು" ಎಂದೆ. "ನೋಡದೆ ನಿಮ್ಮ ನಂಬರು ಕೂಗಿಬಿಟ್ಟೆ."

"ನನ್ನದನ್ನಲ್ಲ" ಎಂದರು ಅತ್ತೆ. ನನ್ನ ಮುಖ ನೋಡಿಯೇ ಹೇಳಿದರು. "ಮಂಜುದು ಕೂಗಿದೀರಿ. ಅವಳು ಪಕ್ಕದಲ್ಲಿ ಇದಾಳೆ ಅನ್ನಿಸ್ತಾ ನಿಮಗೆ?"

ಹೌದೆಂದು ತಲೆಯಾಡಿಸಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಪುಣ್ಯವಂತರು" ಎಂದರು. "ಮೂರು ತಿಂಗಳಾಯ್ತು, ನನಗೆ ಒಂದು ಸಲ ಕನಸಿಗೂ ಬಂದಿಲ್ಲ."

ಹದಿನೆಂಟು ವರ್ಷದಲ್ಲಿ ಅತ್ತೆ ನನಗೆ ನೇರವಾಗಿ ಹೇಳಿದ ಮೊದಲ ಮಾತುಗಳು ಅವು. ಬಾಳೆಹಣ್ಣಿನವಳು ನಮ್ಮಿಬ್ಬರನ್ನೂ ನೋಡಿ ಏನು ತಿಳಿದುಕೊಂಡಳೋ, ಎರಡು ಹಣ್ಣು ಮುರಿದು ಒಬ್ಬೊಬ್ಬರ ಕೈಗೆ ಒಂದೊಂದು ಇಟ್ಟಳು. ಬೀದಿಯಲ್ಲಿ ಏನನ್ನೂ ಬಾಯಿಗೆ ಹಾಕದ ಅತ್ತೆ ಅಲ್ಲೇ ನಿಂತು ಸಿಪ್ಪೆ ಸುಲಿದು ತಿಂದರು. ಟ್ಯಾಕ್ಸಿ ಹಿಡಿಯಲು ರಸ್ತೆ ದಾಟಬೇಕಿತ್ತು. ಸ್ಕೂಟರುಗಳ ನಡುವೆ ಅವರು ನನ್ನ ಶರಟಿನ ತೋಳಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡರು, ಆಚೆ ದಡ ಸೇರಿದ ಕೂಡಲೇ ಬಿಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅಂಕಲ್ ಪೆನ್ನು ಎತ್ತಿದರು. ಹನ್ನೆರಡು ಬಂತು. ನಾನು ಹದಿಮೂರು ಎಂದು ಬಾಯಿ ಬಿಗಿಹಿಡಿದೆ.

"ಹದಿನಾಲ್ಕು."

ಹಿಂದಿನ ಸೀಟಿನಿಂದ ಬಂದ ಆ ದನಿ ಮಂಜುಳಳದ್ದು. ಅದೇ ಗಂಟಲು, 'ನಾ' ಎಂಬಲ್ಲಿ ಅದೇ ಚೂರು ಎಳೆತ. ಅತ್ತೆ ಗಂಟಲೆತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ನನ್ನ ಹೆಂಡತಿಯ ದನಿ ಎಲ್ಲಿಂದ ಬಂದದ್ದೆಂದು ಆವತ್ತು ತಿಳಿಯಿತು. ಮುಂದಿನ ಸೀಟಿನ ಹೆಂಗಸರು ತಟ್ಟನೆ ಹಿಂದೆ ತಿರುಗಿ, ನೋಡಿ, ಮತ್ತೆ ಮುಂದೆ ತಿರುಗಿಕೊಂಡರು. ನಾನು ತಿರುಗಲಿಲ್ಲ. ತಿರುಗಿದರೆ ಅತ್ತೆ ಕಾಣುತ್ತಾರೆ. ಮುಂದಿನ ಮೂರು ದಿನ, ಎಷ್ಟು ಸಲ ಬಸ್ಸು ನಿಂತರೆ ಅಷ್ಟು ಸಲ ಆ ದನಿ ಕೇಳಿದೆ. ಯಾವ ಊರು ನೋಡಿದೆವು, ಯಾವ ದೋಣಿ ಹತ್ತಿದೆವು ಒಂದೂ ನೆನಪಿಲ್ಲ. ಬಸ್ಸು ಯಾವಾಗ ನಿಲ್ಲುತ್ತದೆ, ಯಾವಾಗ ಹೊರಡುತ್ತದೆ ಎಂದೇ ಕಾಯುತ್ತಿದ್ದೆ.

ಅತ್ತೆ ಮೈಸೂರಿಗೆ ಹೋದ ದಿನ ಬ್ಯಾಡ್ಜನ್ನು ಕುಕ್ಕರಿನ ಮುಚ್ಚಳದ ಮೇಲೆ ಇಟ್ಟು ಹೋಗಿದ್ದರು. ಫೋನಿನಲ್ಲಿ ಮತ್ತೆ ಹಳೆಯ ರೀತಿಗೇ ಬಂದರು. 'ಊಟ ಗೀಟ ಸರಿಯಾಗಿ ಆಗ್ತಿದೆಯೋ ಏನೋ' ಎಂದು ಗಾಳಿಗೆ ಹೇಳಿದಂತೆ, ಪಿಸುದನಿಯಲ್ಲಿ. ಒಂದು ಸಲ ನಂಬರು ಹೇಳಿ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿತನಕ ಬಂತು. ಯಾವ ಅಳಿಯ ಅತ್ತೆಯನ್ನು ಹಾಗೆ ಕೇಳುತ್ತಾನೆ? ಎರಡು ವರ್ಷಕ್ಕೆ ಅವರೂ ಹೋದರು. ಮಂಜು ಅವರ ಕನಸಿಗೆ ಕೊನೆಗಾದರೂ ಬಂದಳೋ ಇಲ್ಲವೋ ನನಗೆ ತಿಳಿಯದು. ಅದನ್ನೂ ಕೇಳಲಿಲ್ಲ.

ಸೀತಾರಾಮ್ ಅಂಕಲ್ ಆ ಟೂರಿನ ಮೇಲೆ ಇನ್ನೊಂದು ಹೊರಡಿಸಲಿಲ್ಲ. ಮೊನ್ನೆ ಆ ಡ್ರಾಯರಿನ ಮುಂದೆ ನೆಲದ ಮೇಲೆ ಕೂತು, ಬ್ಯಾಡ್ಜನ್ನು ಅಂಗೈಯಲ್ಲಿಟ್ಟುಕೊಂಡು, ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಒಂದು ಸಲ ಆಚೀಚೆ ನೋಡಿ, ಹದಿಮೂರು ಎಂದೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಹದಿನಾಲ್ಕನ್ನೂ ನಾನೇ ಹೇಳಿದೆ.